ಕಪ್ಪು ಜರ್ಮೇನಿಯಂ ಡಿಟೆಕ್ಟರ್: ಮೈ ಕಪ್ಪಾಗಿದೆ, ಕರೆಂಟ್ ಮಾತ್ರ ಬರುತ್ತಿಲ್ಲ ಅಂದಾಗ ಏನು ನೋಡಬೇಕು?

ಮೈ ಕೊರೆದು ಸೂಕ್ಷ್ಮ ಸೂಜಿಗಳನ್ನು ಎಬ್ಬಿಸುವ ಎಚ್ಚಿಂಗ್ ಮೆಷಿನ್‌ನಿಂದ ಜರ್ಮೇನಿಯಂ ವೇಫರ್ (ಹರಳಿನ ತೆಳು ಬಿಲ್ಲೆ) ಹೊರಗೆ ಬಂದಿದೆ. ಅಪ್ಪಟ ಕಪ್ಪು. ಪ್ರತಿಫಲನ ಅಳೆದರೆ ಶೇ. 1ರ ಆಸುಪಾಸು. ಎಲ್ಲರಿಗೂ ಖುಷಿ. ಆಮೇಲೆ ಅದರಿಂದ ಫೋಟೊಡಯೋಡ್ (ಬೆಳಕನ್ನು ಕರೆಂಟ್ ಮಾಡುವ ಸಾಧನ) ಮಾಡಿ, 1550 ನ್ಯಾನೊಮೀಟರ್ ತರಂಗಾಂತರದ ಅತಿಗೆಂಪು ಬೆಳಕು ಬಿಟ್ಟು ನೋಡಿದರೆ ಕರೆಂಟ್ ನುಣುಪು ಮೈಯ ಹಳೆಯ ಡಯೋಡಿಗಿಂತಲೂ ಕಡಿಮೆ! ಬೆಳಕು ಒಳಗೆ ಹೋಗಿದ್ದಂತೂ ನಿಜ, ಹಾಗಾದರೆ ಆಮೇಲೆ ಅದು ಏನಾಯಿತು?

ನ್ಯಾನೊ ಸೂಜಿಗಳ ಮೇಲ್ಮೈ ಇರುವ ಅತಿಗೆಂಪು ಡಿಟೆಕ್ಟರ್ ಮಾಡುವವರಿಗೆ, ಅದನ್ನು ಅಳೆಯುವವರಿಗೆ ಈ ಬರಹ. ಜರ್ಮೇನಿಯಂ ಬಗ್ಗೆ ಜಾಸ್ತಿ ಬರೆದಿದ್ದೇನೆ, ಸಿಲಿಕಾನ್ ಬಗ್ಗೆ ಕೊನೆಯ ಹತ್ತಿರ ಸ್ವಲ್ಪ ಇದೆ. ನನ್ನ ಒತ್ತಾಯ ಒಂದೇ. ರೆಸಿಪಿ ಬದಲಿಸುವ ಮೊದಲು, ನೀವು ಕಳೆದುಕೊಳ್ಳುತ್ತಿರುವುದು ಬೆಳಕನ್ನೋ ಅಥವಾ ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನುಗಳನ್ನೋ ಎಂದು ತಿಳಿದುಕೊಳ್ಳಿ. ಇವೆರಡಕ್ಕೂ ಮದ್ದು ಬೇರೆ ಬೇರೆ. ಕರೆಂಟ್ ಕಡಿಮೆ ಬಂದ ಕೂಡಲೇ ಸೂಜಿಗಳನ್ನು ಇನ್ನಷ್ಟು ಉದ್ದ ಮಾಡಲು ಹೊರಡುವುದನ್ನು ತುಂಬಾ ಕಡೆ ನೋಡಿದ್ದೇನೆ. ಬಹಳಷ್ಟು ಸಲ ಅದು ತೂತು ಮಡಕೆಗೆ ಇನ್ನೂ ಜೋರಾಗಿ ನೀರು ಹೊಯ್ದ ಹಾಗೆ.

ಎಷ್ಟು ಬರಬೇಕಿತ್ತು?

ಜರ್ಮೇನಿಯಂನ ವಕ್ರೀಭವನ ಸೂಚ್ಯಂಕ 1550 ನ್ಯಾನೊಮೀಟರಿನಲ್ಲಿ 4ಕ್ಕಿಂತ ಜಾಸ್ತಿ. ಹಾಗಾಗಿ ನುಣುಪಾದ ಬರಿ ಮೈ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 38 ವಾಪಸ್ ಹೋಗುತ್ತದೆ. ಒಂದು ಪದರ ಪ್ರತಿಫಲನ-ತಡೆ ಲೇಪನ ಹಾಕಿದರೆ ಇದು ಇಳಿಯುತ್ತದೆ ನಿಜ. ಆದರೆ ಆ ಲೇಪನ ಚೆನ್ನಾಗಿ ಕೆಲಸ ಮಾಡುವುದು ಒಂದು ತರಂಗಾಂತರದ ಸುತ್ತಮುತ್ತ ಮಾತ್ರ. ಬೆಳಕು ಓರೆಯಾಗಿ ಬಿದ್ದರೆ ಅದೂ ಕೆಡುತ್ತದೆ. ನ್ಯಾನೊ ಸೂಜಿಗಳ ಸೊಗಸು ಇಲ್ಲೇ ಇರುವುದು. ತುದಿಯಲ್ಲಿ ಬಹುಪಾಲು ಗಾಳಿ, ಬುಡದಲ್ಲಿ ಬಹುಪಾಲು ಜರ್ಮೇನಿಯಂ. ಸೂಚ್ಯಂಕ ಒಮ್ಮೆಲೇ ಜಿಗಿಯದೆ ಮೆಲ್ಲಗೆ ಏರುವುದರಿಂದ ಬೆಳಕು ತಿರುಗಿ ಹೋಗುವುದಿಲ್ಲ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಹೆಲೆ ಸಾವಿನ್ ಅವರ ತಂಡ 2020ರಲ್ಲಿ 300ರಿಂದ 1600 ನ್ಯಾನೊಮೀಟರ್‌ವರೆಗೆ ಶೇ. 99ಕ್ಕಿಂತ ಜಾಸ್ತಿ ಬೆಳಕು ಹೀರುವ ಜರ್ಮೇನಿಯಂ ಮೇಲ್ಮೈ ಮಾಡಿ ತೋರಿಸಿತು. 2025ರಲ್ಲಿ ಆಲ್ಟೊದವರೇ ಪ್ರತಿ ವ್ಯಾಟ್‌ಗೆ 1 ಆಂಪಿಯರ್‌ಗಿಂತ ಜಾಸ್ತಿ ಕೊಡುವ ಜರ್ಮೇನಿಯಂ ಡಯೋಡನ್ನು ಪ್ರಕಟಿಸಿದರು. ಅಂದರೆ ಇದು ಆಗದ ಕೆಲಸ ಅಲ್ಲ.

ನಿಮ್ಮ ಡಯೋಡಿನ ಗುರಿ ಎಷ್ಟು ಎಂದು ತಿಳಿಯಲು ಒಂದು ಸುಲಭ ಸೂತ್ರ ಇದೆ. ತರಂಗಾಂತರವನ್ನು ಮೈಕ್ರಾನಿನಲ್ಲಿ ಬರೆದು 1.24ರಿಂದ ಭಾಗಿಸಿ. ಬರುವ ಸಂಖ್ಯೆಯೇ ಒಂದು ಫೋಟಾನಿಗೆ ಒಂದು ಎಲೆಕ್ಟ್ರಾನ್ ಸಿಕ್ಕಿದಾಗ ಪ್ರತಿ ವ್ಯಾಟ್‌ಗೆ ಬರಬೇಕಾದ ಆಂಪಿಯರ್. 1550 ನ್ಯಾನೊಮೀಟರಿಗೆ ಅದು 1.25. 1310ಕ್ಕೆ 1.06. 650ಕ್ಕೆ 0.52. ನುಣುಪು ಮೈಯಲ್ಲಿ ಶೇ. 38 ಬೆಳಕು ಹೋಗುವುದರಿಂದ, ಲೇಪನ ಇಲ್ಲದ ಡಯೋಡ್ 1550ರಲ್ಲಿ ಎಷ್ಟೇ ಚೆನ್ನಾಗಿದ್ದರೂ 0.77 ದಾಟುವುದಿಲ್ಲ. ಈ 0.77 ನೆನಪಿರಲಿ. ಕಪ್ಪು ಮಾಡಿದ ಮೇಲೂ ಇದಕ್ಕಿಂತ ಕೆಳಗಿದ್ದರೆ, ಸೂಜಿಗಳು ಗಳಿಸಿದ್ದಕ್ಕಿಂತ ಜಾಸ್ತಿ ಎಲ್ಲೋ ಸೋರುತ್ತಿದೆ ಎಂದು ಅರ್ಥ.

ಡಯೋಡನ್ನು ದೂರುವ ಮೊದಲು ಅಳತೆಯನ್ನು ನೋಡಿ

ಮೊದಲು ಪ್ರತಿಫಲನ. ಸೂಜಿಗಳ ಮೈ ಸ್ವಲ್ಪ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಕನ್ನಡಿಯ ಹಾಗೆ ನೇರ ವಾಪಸ್ ಬರುವ ಬೆಳಕನ್ನಷ್ಟೇ ಹಿಡಿಯುವ ಉಪಕರಣದಲ್ಲಿ ಅಳೆದರೆ, ಚದುರಿದ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಇಂಟಿಗ್ರೇಟಿಂಗ್ ಸ್ಫಿಯರ್ (ಚದುರಿದ ಬೆಳಕನ್ನೆಲ್ಲ ಒಟ್ಟುಮಾಡುವ ಟೊಳ್ಳು ಗೋಳ) ಇಲ್ಲದೆ ತೆಗೆದ ಸಂಖ್ಯೆಯನ್ನು ನಂಬಬೇಡಿ. ಸ್ಫಿಯರ್ ಇದ್ದರೂ, ಸ್ಯಾಂಪಲ್ ಇಡುವ ಜಾಗದಲ್ಲಿ ಏನೂ ಇಡದೆ, ಹಿಂದೆ ಬೆಳಕು ನುಂಗುವ ಟ್ರ್ಯಾಪ್ ಇಟ್ಟು ಒಂದು ಸೊನ್ನೆ ಅಳತೆ ತೆಗೆಯಿರಿ. ಶೇ. 1 ಅಳೆಯುವಾಗ ಉಪಕರಣದೊಳಗೆ ಅಡ್ಡಾಡುವ ಬೆಳಕೇ ಶೇ. 0.5 ಇದ್ದರೆ ಆ ಅಳತೆಯಲ್ಲಿ ಏನು ಉಳಿಯಿತು ಹೇಳಿ.

1600 ನ್ಯಾನೊಮೀಟರ್ ದಾಟಿದ ಮೇಲೆ ಪ್ರತಿಫಲನ ಇದ್ದಕ್ಕಿದ್ದಂತೆ ಏರಿದರೆ ಗಾಬರಿ ಬೇಡ. ಅಲ್ಲಿಂದ ಮುಂದೆ ಜರ್ಮೇನಿಯಂ ಬೆಳಕು ಹೀರುವುದು ಬೇಗ ಬೇಗ ಕಡಿಮೆಯಾಗುತ್ತದೆ. ಬೆಳಕು ಹಿಂಬದಿಯವರೆಗೆ ಹೋಗಿ, ಅಲ್ಲಿ ಬಡಿದು ಮುಂದಿನಿಂದಲೇ ಹೊರಗೆ ಬರುತ್ತಿರುತ್ತದೆ. ಸೂಜಿಗಳದ್ದೇನೂ ತಪ್ಪಿಲ್ಲ.

ಈಗ ಕರೆಂಟ್ ಅಳತೆ. ಇಲ್ಲಿ ಹೆಚ್ಚು ಸತಾಯಿಸುವುದು ಮಾನೊಕ್ರೊಮೇಟರಿನ (ಬೇಕಾದ ತರಂಗಾಂತರವನ್ನು ಆರಿಸಿ ಕೊಡುವ ಉಪಕರಣ) ಎರಡನೇ ಆರ್ಡರ್ ಬೆಳಕು, ಅಂದರೆ ಅರ್ಧ ತರಂಗಾಂತರದ ಬೆಳಕು. ಹ್ಯಾಲೊಜನ್ ದೀಪ ಹಚ್ಚಿ, ಬೆಳಕನ್ನು ಬಿಡಿಸುವ ಗ್ರೇಟಿಂಗನ್ನು 1500 ನ್ಯಾನೊಮೀಟರಿಗೆ ತಿರುಗಿಸಿದರೆ, ಅದೇ ಕಿಂಡಿಯಿಂದ 750 ನ್ಯಾನೊಮೀಟರ್ ಬೆಳಕೂ ಹೊರಗೆ ಬರುತ್ತದೆ. ನಿಮ್ಮ ಕಪ್ಪು ಜರ್ಮೇನಿಯಂ ಈ 750 ಬೆಳಕನ್ನೂ ಚೆನ್ನಾಗಿ ತಿನ್ನುತ್ತದೆ. ಹೋಲಿಕೆಗೆ ಇಟ್ಟ ಮಾಮೂಲಿ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಯೋಡಿಗೆ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಎರಡನ್ನೂ ಭಾಗಿಸಿದಾಗ ನಿಮ್ಮ ಡಯೋಡಿನ ಕ್ಷಮತೆ (ನೂರು ಫೋಟಾನಿಗೆ ಸಿಗುವ ಎಲೆಕ್ಟ್ರಾನುಗಳ ಲೆಕ್ಕ) ಶೇ. 100 ದಾಟಿ ಕೂತಿರುತ್ತದೆ. 1000 ನ್ಯಾನೊಮೀಟರಿಗಿಂತ ಚಿಕ್ಕ ತರಂಗಾಂತರ ತಡೆಯುವ ಲಾಂಗ್-ಪಾಸ್ ಫಿಲ್ಟರ್ ಒಂದು ಹಾಕಿದರೆ ಇದು ಮಾಯ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಶೇ. 100ಕ್ಕಿಂತ ಜಾಸ್ತಿ ಬಂದರೆ ಅದು ಯಾವಾಗಲೂ ಸುಳ್ಳು ಎಂದಲ್ಲ. ಸಾವಿನ್ ಅವರ ತಂಡವೇ 2020ರಲ್ಲಿ ಕಪ್ಪು ಸಿಲಿಕಾನಿನಲ್ಲಿ, ನೇರಳಾತೀತ ಬೆಳಕಿಗೆ ಶೇ. 130ಕ್ಕಿಂತ ಜಾಸ್ತಿ ಅಳೆದು ಪ್ರಕಟಿಸಿತು. ನೇರಳಾತೀತ ಫೋಟಾನಿಗೆ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನ್ ಎಬ್ಬಿಸುವಷ್ಟು ಶಕ್ತಿ ಇರುತ್ತದೆ. 1550 ನ್ಯಾನೊಮೀಟರಿನ ಫೋಟಾನಿನ ಶಕ್ತಿ ಬರೀ 0.8 ಎಲೆಕ್ಟ್ರಾನ್ ವೋಲ್ಟ್. ಜರ್ಮೇನಿಯಂನಲ್ಲಿ ಒಂದು ಎಲೆಕ್ಟ್ರಾನ್ ಎಬ್ಬಿಸಲಿಕ್ಕೇ 0.66 ಬೇಕು. ಎರಡನೆಯದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಹಾಗಾಗಿ ಅತಿಗೆಂಪಿನಲ್ಲಿ, ಕಡಿಮೆ ವೋಲ್ಟೇಜಿನಲ್ಲಿ ನೂರು ದಾಟಿದರೆ ಅಳತೆ ತಪ್ಪಿದೆ ಎಂದೇ ತಿಳಿಯಿರಿ.

ಉಳಿದವು ಸಣ್ಣಪುಟ್ಟವು. ಬೆಳಕಿನ ಚುಕ್ಕೆ ಡಯೋಡಿನ ಸಕ್ರಿಯ ಜಾಗದೊಳಗೇ ಇದೆಯಾ ನೋಡಿ. ಡಯೋಡನ್ನು ಆಚೆ ಈಚೆ ಸ್ವಲ್ಪ ಸರಿಸಿದಾಗ ಕರೆಂಟ್ ಒಂದಷ್ಟು ದೂರ ಬದಲಾಗದೆ ನಿಂತರೆ ಸರಿ ಇದೆ. ಸರಿಸಿದಂತೆಲ್ಲ ಬದಲಾಗುತ್ತಲೇ ಇದ್ದರೆ ಚುಕ್ಕೆ ದೊಡ್ಡದಾಗಿದೆ. ಚಾಪರ್ (ಬೆಳಕನ್ನು ಕಡಿದು ಕಡಿದು ಬಿಡುವ ಚಕ್ರ) ಬಳಸುತ್ತಿದ್ದರೆ ಅದರ ವೇಗ 50 ಹರ್ಟ್ಸ್‌ನ ಗುಣಕ ಆಗದಿರಲಿ, ಇಲ್ಲದಿದ್ದರೆ ಕೋಣೆಯ ಕರೆಂಟಿನ ಗುಂಯ್ ಸದ್ದೆಲ್ಲ ಆ ವೇಗದ ಸಂಕೇತವನ್ನಷ್ಟೇ ಅಳೆಯುವ ನಿಮ್ಮ ಲಾಕ್-ಇನ್ ಉಪಕರಣದೊಳಗೆ ಸೇರುತ್ತದೆ.

ಮೂರು ಬೆಳಕು ಬಿಟ್ಟು ನೋಡುವ ಪರೀಕ್ಷೆ

ಅಳತೆ ಸರಿ ಇದೆ, ಆದರೂ ಕರೆಂಟ್ ಕಡಿಮೆ ಎಂದಾದರೆ ಈ ಪರೀಕ್ಷೆ ಮಾಡಿ. ಇದು ನನಗೆ ಬಹಳ ಇಷ್ಟ, ಯಾಕೆಂದರೆ ದುಬಾರಿ ಉಪಕರಣ ಬೇಡ. ಫೈಬರ್ ಕೇಬಲ್ ಜೋಡಿಸುವ ಟೆಕ್ನಿಷಿಯನ್‌ಗಳ ಚೀಲದಲ್ಲಿ ಇರುವ ಸಾಮಾನು ಸಾಕು. 650 ನ್ಯಾನೊಮೀಟರಿನ ಕೆಂಪು ಪೆನ್, 1310 ಮತ್ತು 1550 ಎರಡನ್ನೂ ಕೊಡುವ ಲೈಟ್ ಸೋರ್ಸ್, ಒಂದು ಪವರ್ ಮೀಟರ್. ಮೀಟರನ್ನು ಆಯಾ ತರಂಗಾಂತರಕ್ಕೆ ಬದಲಿಸಿಕೊಳ್ಳುವುದನ್ನು ಮರೆಯಬೇಡಿ. 650 ಅದರ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಒಂದಕ್ಕೆ ಸಿಲಿಕಾನ್ ಮೀಟರ್ ಬೇಕು. ಕೆಂಪು ಪೆನ್ನು ಮಿಣುಕುವ ಸ್ಥಿತಿಯಲ್ಲಿ ಇರದಿರಲಿ.

ಈ ಮೂರೂ ಬೆಳಕು ಜರ್ಮೇನಿಯಂ ಒಳಗೆ ಬೇರೆ ಬೇರೆ ಆಳಕ್ಕೆ ಇಳಿಯುತ್ತವೆ. ಕೆಂಪು ಬೆಳಕು 0.1 ಮೈಕ್ರಾನಿನೊಳಗೇ ಬಹುಪಾಲು ಮುಗಿದುಹೋಗುತ್ತದೆ, ಅಂದರೆ ಸೂಜಿಗಳ ಮೈಯಲ್ಲೇ. 1310 ಸುಮಾರು 1 ಮೈಕ್ರಾನಿಗೆ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಸೂಜಿಗಳ ಬುಡದವರೆಗೆ ಅನ್ನಿ. 1550 ಸುಮಾರು 20 ಮೈಕ್ರಾನ್ ಆಳಕ್ಕೆ ಹೋಗುತ್ತದೆ. ಹಾಗಾಗಿ ಎಲೆಕ್ಟ್ರಾನುಗಳು ಎಲ್ಲಿ ಸಾಯುತ್ತಿವೆ (ಅಂದರೆ ಕರೆಂಟ್ ಆಗದೆ ಕಳೆದುಹೋಗುತ್ತಿವೆ) ಎಂಬುದನ್ನು ಈ ಮೂರು ಸಂಖ್ಯೆಗಳೇ ಹೇಳುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ. ಮೂರಕ್ಕೂ 100 ಮೈಕ್ರೊವ್ಯಾಟ್ ಬೆಳಕು ಬಿಟ್ಟಿರಿ ಅಂದುಕೊಳ್ಳಿ. 1550ರಲ್ಲಿ 62 ಮೈಕ್ರೊಆಂಪಿಯರ್ ಬಂತು. ಬರಬೇಕಿದ್ದದ್ದು 125. ಅಂದರೆ ಶೇ. 50. 1310ರಲ್ಲಿ 40 ಬಂತು, ಅದು ಶೇ. 38. ಕೆಂಪಿನಲ್ಲಿ 8 ಬಂತು, ಅದು ಶೇ. 15. ಪ್ರತಿಫಲನ ಎಲ್ಲ ಕಡೆ ಶೇ. 1ರ ಹತ್ತಿರ ಇದೆ, ವೇಫರ್ ಅರ್ಧ ಮಿಲಿಮೀಟರ್ ದಪ್ಪ ಇರುವುದರಿಂದ 1550 ಬೆಳಕೂ ಆಚೆ ದಾಟಿ ಹೋಗುವುದಿಲ್ಲ. ಹಾಗಿದ್ದ ಮೇಲೆ ಬೆಳಕೆಲ್ಲ ಒಳಗೇ ಇದೆ, ಸಾಯುತ್ತಿರುವುದು ಎಲೆಕ್ಟ್ರಾನುಗಳು. ಮೇಲ್ಮೈಗೆ ಹತ್ತಿರ ಹುಟ್ಟಿದಷ್ಟೂ ಸಾವು ಜಾಸ್ತಿ. ಹಾಗಾಗಿ ರೋಗ ಇರುವುದು ಮೇಲ್ಮೈಯಲ್ಲಿ.

ಇದರ ಉಲ್ಟಾ ಬಂದರೆ? ಕೆಂಪಿನಲ್ಲಿ ಶೇ. 85, 1310ರಲ್ಲಿ ಶೇ. 92, 1550ರಲ್ಲಿ ಮಾತ್ರ ಶೇ. 55. ಈಗ ಮೇಲ್ಮೈ ಚೆನ್ನಾಗಿದೆ. ಆಳದಲ್ಲಿ ಹುಟ್ಟಿದ ಎಲೆಕ್ಟ್ರಾನುಗಳು ಜಂಕ್ಷನ್ (ಅವನ್ನು ಹಿಡಿದು ಕರೆಂಟ್ ಮಾಡುವ ಗಡಿ) ತಲುಪುತ್ತಿಲ್ಲ. ವೇಫರಿನ ಗುಣಮಟ್ಟ, ಹಿಂಬದಿಯ ಮೇಲ್ಮೈ ಇವನ್ನು ನೋಡಬೇಕು. ಸಿಲಿಕಾನ್ ಮೇಲೆ ಬೆಳೆಸಿದ ತೆಳು ಜರ್ಮೇನಿಯಂ ಪದರ ಆಗಿದ್ದರೆ ಕಾರಣ ಇನ್ನೂ ಸರಳ: 20 ಮೈಕ್ರಾನ್ ಬೇಕಾದ ಬೆಳಕಿಗೆ 1–2 ಮೈಕ್ರಾನ್ ಜಾಗ ಕೊಟ್ಟಿದ್ದೀರಿ.

ಮೂರರಲ್ಲೂ ಒಂದೇ ಸಮನೆ ಶೇ. 60 ಬಂದರೆ ನನಗೆ ಅನುಮಾನ ಬರುವುದು ಅಳತೆಯ ಮೇಲೆ. ಚುಕ್ಕೆ ದೊಡ್ಡದಾಗಿರಬಹುದು, ಮೆಟಲ್ ನೆರಳು ಬೀಳುತ್ತಿರಬಹುದು, ಕನೆಕ್ಟರ್ ಕೊಳೆಯಾಗಿರಬಹುದು.

ಇದರ ಜೊತೆಗೆ ರಿವರ್ಸ್ ವೋಲ್ಟೇಜನ್ನು (ಡಯೋಡಿಗೆ ಉಲ್ಟಾ ಕೊಡುವ ವೋಲ್ಟೇಜ್) 0ಯಿಂದ 1, 3 ವೋಲ್ಟ್ ಹೀಗೆ ಏರಿಸಿ ನೋಡಿ. ಡಾರ್ಕ್ ಕರೆಂಟನ್ನು (ಬೆಳಕಿಲ್ಲದಾಗಲೂ ಹರಿಯುವ ಕರೆಂಟ್) ಪ್ರತಿ ಸಲವೂ ಕಳೆಯಿರಿ. ವೋಲ್ಟೇಜ್ ಜೊತೆ ಬೆಳಕಿನ ಕರೆಂಟೂ ಏರುತ್ತಿದ್ದರೆ, ದಾರಿಯಲ್ಲಿ ಸಾಯುತ್ತಿದ್ದವು ಈಗ ಬದುಕಿ ಬರುತ್ತಿವೆ. ಏನೂ ಬದಲಾಗದಿದ್ದರೆ ಅವು ವೋಲ್ಟೇಜಿನ ಸೆಳೆತ ಮುಟ್ಟದ ಜಾಗದಲ್ಲೇ, ಹೆಚ್ಚಾಗಿ ಸೂಜಿಗಳೊಳಗೇ ಸತ್ತಿವೆ.

ಮೇಲ್ಮೈಯೇ ಕಾರಣ ಎಂದು ಗೊತ್ತಾದ ಮೇಲೆ

ಹತ್ತರಲ್ಲಿ ಹೆಚ್ಚಿನ ಪಾಲು ಕೇಸುಗಳು ಬಂದು ನಿಲ್ಲುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೂಜಿಗಳನ್ನು ಎಬ್ಬಿಸಿದಾಗ ಮೇಲ್ಮೈಯ ವಿಸ್ತೀರ್ಣ ಹಲವು ಪಟ್ಟು ಆಗುತ್ತದೆ. ಎಲ್ಲಿ ಹರಳು ನಿಲ್ಲುತ್ತದೋ ಅಲ್ಲಿ ಜೋಡಿ ಸಿಗದ ಬಂಧಗಳು ಉಳಿಯುತ್ತವೆ, ಎಲೆಕ್ಟ್ರಾನುಗಳು ಅಲ್ಲಿ ಸಿಕ್ಕಿಬಿದ್ದು ಸಾಯುತ್ತವೆ. ಇದನ್ನು ತಣ್ಣಗೆ ಮಾಡುವ ಕೆಲಸವೇ ಪ್ಯಾಸಿವೇಶನ್. ಸಿಲಿಕಾನಿಗೆ ಅದರದ್ದೇ ಆಕ್ಸೈಡ್ ಒಳ್ಳೆಯ ಹೊದಿಕೆ. ಜರ್ಮೇನಿಯಂಗೆ ಆ ಭಾಗ್ಯ ಇಲ್ಲ. ಅದರ ಆಕ್ಸೈಡ್ ನೀರಿನಲ್ಲಿ ಕರಗುತ್ತದೆ, ಬಿಸಿ ಮಾಡಿದರೆ ಹರಳಿನ ಜೊತೆ ಕೂಡಿ ಆವಿಯಾಗಿ ಹೋಗುತ್ತದೆ. ಹಾಗಾಗಿ ಹೊರಗಿನಿಂದ ಪದರ ಹೊದಿಸಬೇಕು. ಸಾಮಾನ್ಯವಾಗಿ ಬಳಸುವುದು ಅಲ್ಯೂಮಿನಿಯಂ ಆಕ್ಸೈಡ್. ಅದನ್ನು ಎ.ಎಲ್.ಡಿ. (ಅಟಾಮಿಕ್ ಲೇಯರ್ ಡೆಪಾಸಿಷನ್) ವಿಧಾನದಲ್ಲಿ, ಒಂದೊಂದೇ ಅಣುಪದರವಾಗಿ ಕೂರಿಸುತ್ತಾರೆ. ಈ ಪದರದಲ್ಲಿ ನೆಲೆಯೂರಿದ ಋಣ ಚಾರ್ಜ್ ಇರುತ್ತದೆ. ಅದು ಎಲೆಕ್ಟ್ರಾನುಗಳನ್ನು ಮೇಲ್ಮೈಯಿಂದ ದೂರ ತಳ್ಳುತ್ತದೆ. ಆಲ್ಟೊ ತಂಡ 2021ರಲ್ಲಿ ಇದೇ ಆಕ್ಸೈಡ್ ಬಳಸಿ, ಎನ್-ಟೈಪ್ (ಎಲೆಕ್ಟ್ರಾನ್ ಜಾಸ್ತಿ ಇರುವ) ಜರ್ಮೇನಿಯಂನಲ್ಲಿ ಮೇಲ್ಮೈ ಮರುಸಂಯೋಗದ ವೇಗವನ್ನು, ಅಂದರೆ ಮೇಲ್ಮೈಯಲ್ಲಿ ಎಲೆಕ್ಟ್ರಾನ್ ಸಾಯುವ ವೇಗವನ್ನು, ಸೆಕೆಂಡಿಗೆ 10 ಸೆಂಟಿಮೀಟರಿಗಿಂತ ಕೆಳಗೆ ಇಳಿಸಿತು. ಜರ್ಮೇನಿಯಂ ಮೈ ಯಾವತ್ತೂ ಕೆಟ್ಟದ್ದೇ ಎನ್ನುವವರಿಗೆ ಇದೇ ಉತ್ತರ.

ನಿಮ್ಮ ಪದರ ಕೈಕೊಟ್ಟಿದೆಯಾ ಎಂದು ತಿಳಿಯಲು ಒಂದು ನುಣುಪು ಚೂರು ಬೇಕು. ಅದೇ ವೇಫರ್ ಜಾತಿಯ, ಎಚ್ಚಿಂಗ್ ಮಾಡದ ಚೂರನ್ನು ಕಪ್ಪು ವೇಫರಿನ ಪಕ್ಕದಲ್ಲೇ ಇಟ್ಟು, ಅದೇ ಕ್ಲೀನಿಂಗ್, ಅದೇ ಎ.ಎಲ್.ಡಿ., ಅದೇ ಅನೀಲಿಂಗ್ (ಬಿಸಿಯಲ್ಲಿಟ್ಟು ಹದ ಮಾಡುವುದು) ಮಾಡಿ. ಆಮೇಲೆ ಎರಡರಲ್ಲೂ ಎಲೆಕ್ಟ್ರಾನುಗಳು ಸಾಯುವ ಮೊದಲು ಎಷ್ಟು ಹೊತ್ತು ಬದುಕುತ್ತವೆ ಎಂಬ ಕ್ಯಾರಿಯರ್ ಲೈಫ್‌ಟೈಮ್ ಅಳೆಯಿರಿ. ಎರಡೂ ಕೆಟ್ಟಿದ್ದರೆ ತಪ್ಪು ಕ್ಲೀನಿಂಗಿನಲ್ಲಿ ಅಥವಾ ಪದರದಲ್ಲಿ. ನುಣುಪು ಚೆನ್ನಾಗಿದ್ದು ಕಪ್ಪು ಮಾತ್ರ ಕೆಟ್ಟಿದ್ದರೆ, ಒಂದೋ ಪದರ ಸೂಜಿಗಳ ಬುಡ ಮುಟ್ಟಿಲ್ಲ, ಇಲ್ಲವೋ ಎಚ್ಚಿಂಗಿನ ಪ್ಲಾಸ್ಮಾ ಹರಳಿಗೆ ಪೆಟ್ಟು ಕೊಟ್ಟಿದೆ. ಈ ಚೂರು ಇಡುವುದಕ್ಕೆ ಯಾಕೋ ಎಲ್ಲರಿಗೂ ಸೋಮಾರಿತನ. ಅದಿಲ್ಲದೆ ಮುಂದಿನದ್ದೆಲ್ಲ ಬರೀ ಊಹೆ.

ಬುಡ ಮುಟ್ಟಿದೆಯಾ ಎಂದು ನೋಡಲು ವೇಫರನ್ನು ಮುರಿದು, ಅಡ್ಡಸೀಳನ್ನು ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ನೋಡಿ. ತುದಿಯಲ್ಲಿ ಎಷ್ಟು ದಪ್ಪ ಇದೆಯೋ ಬುಡದಲ್ಲೂ ಅಷ್ಟೇ ಇರಬೇಕು. ಬುಡದಲ್ಲಿ ತೆಳುವಾಗಿದ್ದರೆ ಅನಿಲ ಬಿಡುವ (ಪಲ್ಸ್) ಮತ್ತು ತೆಗೆಯುವ (ಪರ್ಜ್) ಸಮಯ ಎರಡನ್ನೂ ಉದ್ದ ಮಾಡಿ. ನುಣುಪು ವೇಫರಿಗೆ ಬರೆದ ರೆಸಿಪಿ ಇಕ್ಕಟ್ಟಾದ ಸೂಜಿಗಳ ಸಂದಿಗೆ ಸಾಲುವುದಿಲ್ಲ. ಪ್ಲಾಸ್ಮಾ ಬಳಸುವ ಎ.ಎಲ್.ಡಿ.ಗಿಂತ ಬಿಸಿಯಿಂದಲೇ ನಡೆಯುವ ಮಾಮೂಲಿ ಎ.ಎಲ್.ಡಿ. ಇಂಥ ಸಂದಿಗಳಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿನ ವಿಷಯ ಬೇರೆ. ಜರ್ಮೇನಿಯಂನಲ್ಲಿ ಸೂಜಿ ಎಬ್ಬಿಸಲು ಸಾಮಾನ್ಯವಾಗಿ ಕ್ಲೋರಿನ್ ಪ್ಲಾಸ್ಮಾ ಬಳಸುತ್ತಾರೆ. ಅಯಾನುಗಳು ಜೋರಾಗಿ ಬಡಿದರೆ ಹೊರಗಿನ ಕೆಲವು ನ್ಯಾನೊಮೀಟರ್ ಹರಳು ಕೆಡುತ್ತದೆ, ಕ್ಲೋರಿನ್ನಿನ ಶೇಷವೂ ಅಂಟಿಕೊಂಡಿರುತ್ತದೆ. ಎಚ್ಚಿಂಗಿನ ಕೊನೆಯ ಭಾಗದಲ್ಲಿ ಬಯಾಸ್ ಪವರ್ (ಅಯಾನುಗಳನ್ನು ವೇಫರಿನತ್ತ ಎಳೆಯುವ ಶಕ್ತಿ) ಇಳಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮೇಲ್ಮೈಯನ್ನು ತೆಳುವಾಗಿ ಆಕ್ಸೈಡ್ ಮಾಡಿ, ಆ ಆಕ್ಸೈಡನ್ನು ಆಸಿಡ್ಡಿನಲ್ಲಿ ತೆಗೆದು, ಕೆಟ್ಟ ಚರ್ಮ ಕಳಚಿ. ಹಾಗೆ ಮಾಡಿದಾಗಲೆಲ್ಲ ಪ್ರತಿಫಲನ ಮತ್ತೆ ಅಳೆಯಿರಿ, ಸೂಜಿಗಳು ಸಣ್ಣಗಾಗಿರುತ್ತವೆ. ಹೈಡ್ರೊಫ್ಲೋರಿಕ್ ಆಸಿಡ್ ಬಳಸುವಾಗ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಲ್ಲಿ ಇರಲಿ, ಒಬ್ಬರೇ ಯಾವತ್ತೂ ಮಾಡಬೇಡಿ. ಡಯೋಡು ಇನ್ನೊಂದು ಮಾಡಬಹುದು.

ಪದರ ಕೂರಿಸಿದ ಮೇಲೆ ಅನೀಲಿಂಗ್. ಸಿಲಿಕಾನಿಗೆ ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಎಂಬುದು ರೂಢಿ. ಅದನ್ನು ಜರ್ಮೇನಿಯಂಗೆ ಹಾಗೇ ತರಬೇಡಿ. ಆ ಬಿಸಿಯ ಆಸುಪಾಸಿನಿಂದ ಮೇಲೆ ಪದರದ ಕೆಳಗೆ ಉಳಿದ ಜರ್ಮೇನಿಯಂ ಆಕ್ಸೈಡ್ ಆವಿಯಾಗಲು ಹೊರಡುತ್ತದೆ, ಪದರ ಗುಳ್ಳೆ ಏಳುತ್ತದೆ. ನುಣುಪು ಚೂರನ್ನು ಸಾದಾ ಮೈಕ್ರೊಸ್ಕೋಪಿನಲ್ಲಿ ನೋಡಿದರೂ ಗುಂಡಗಿನ ಗುಳ್ಳೆಗಳು ಕಾಣುತ್ತವೆ. ಕಪ್ಪು ಮೈಯಲ್ಲಿ ಅವು ಕಾಣುವುದಿಲ್ಲ. ಚೂರು ಇಡಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಸಿಲಿಕಾನ್ ಲೈನಿನ ಅಭ್ಯಾಸ ತಂದ ಫಜೀತಿ

ಇದನ್ನು ಬೇರೆಯಾಗಿಯೇ ಬರೆಯಬೇಕು ಅನಿಸಿತು, ಅಷ್ಟು ಸಲ ಆಗುತ್ತದೆ. ಎಚ್ಚಿಂಗ್ ಆದ ಕೂಡಲೇ ವೇಫರ್ ಚೆನ್ನಾಗಿ ಕಪ್ಪಾಗಿತ್ತು. ಕ್ಲೀನಿಂಗ್ ಆಗಿ ಬಂದಾಗ ಕಂದು ಬಣ್ಣಕ್ಕೆ ತಿರುಗಿದೆ, ಓರೆಯಾಗಿ ಹಿಡಿದರೆ ಮಂಕು ಹೊಳಪು ಕಾಣುತ್ತಿದೆ. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಸೂಜಿಗಳ ಜಾಗದಲ್ಲಿ ಮೊಂಡು ಗುಬ್ಬಿಗಳು.

ಕಾರಣ ಹೈಡ್ರೊಜನ್ ಪೆರಾಕ್ಸೈಡ್. ಸಿಲಿಕಾನ್ ವೇಫರಿಗೆ ಎಲ್ಲರೂ ಮಾಡುವ ಆರ್.ಸಿ.ಎ. ಕ್ಲೀನಿಂಗಿನಲ್ಲಿ ಅದಿದೆ. ಪಿರಾನಾ ಎಂಬ ಆಸಿಡ್ ಮಿಶ್ರಣದಲ್ಲೂ ಅದಿದೆ. ಸಿಲಿಕಾನಿಗೆ ಅದರಿಂದ ಏನೂ ಆಗುವುದಿಲ್ಲ. ಜರ್ಮೇನಿಯಂ ಮಾತ್ರ ಅದರಲ್ಲಿ ಕರಗುತ್ತದೆ: ಪೆರಾಕ್ಸೈಡ್ ಆಕ್ಸೈಡ್ ಮಾಡುತ್ತದೆ, ನೀರು ಆ ಆಕ್ಸೈಡನ್ನು ತೊಳೆದು ಒಯ್ಯುತ್ತದೆ, ಮತ್ತೆ ಹೊಸ ಮೈ ಸಿಗುತ್ತದೆ. ನುಣುಪು ವೇಫರ್ ಆದರೆ ಒಂದಷ್ಟು ತೆಳುವಾಗಿ ಸುಮ್ನೆ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 100–200 ನ್ಯಾನೊಮೀಟರ್ ದಪ್ಪದ ಸೂಜಿಗೆ ಅದೇ ಅಂತ್ಯ. ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್, ನೀರು ಬೆರೆಸಿದ ಹೈಡ್ರೊಕ್ಲೋರಿಕ್ ಅಥವಾ ಹೈಡ್ರೊಫ್ಲೋರಿಕ್ ಆಸಿಡ್, ಇಷ್ಟರಲ್ಲೇ ಕೆಲಸ ಮುಗಿಸಿ. ಲ್ಯಾಬಿನಲ್ಲಿ ಸಿಲಿಕಾನ್ ಕೆಲಸ ಮಾಡುವವರು ಜಾಸ್ತಿ ಇದ್ದರೆ ಡಬ್ಬಿಯ ಮೇಲೆ ‘ಜರ್ಮೇನಿಯಂ, ಪೆರಾಕ್ಸೈಡ್ ಬೇಡ’ ಎಂದು ದೊಡ್ಡದಾಗಿ ಬರೆದುಬಿಡಿ.

ಮೈಯ ಮೇಲೆ ಹೊಳೆಯುವ ಗೀರು ಕಂಡರೆ ಯಾರೋ ಚಿಮುಟದಲ್ಲಿ ಮುಟ್ಟಿದ್ದಾರೆ ಅಥವಾ ಹತ್ತಿಯಲ್ಲಿ ಒರೆಸಿದ್ದಾರೆ. ಸೂಜಿಗಳು ಮುರಿದ ಜಾಗ ಕನ್ನಡಿಯಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಅಲ್ಟ್ರಾಸೋನಿಕ್ ತೊಟ್ಟಿಗೂ ಹಾಕಬೇಡಿ. ತೊಳೆದ ಮೇಲೆ ಬರೀ ನೀರಿನಿಂದ ಒಣಗಿಸಿದರೆ, ನೀರಿನ ಸೆಳೆತಕ್ಕೆ ಉದ್ದ ಸೂಜಿಗಳು ಬಾಗಿ ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಕೊನೆಯ ತೊಳೆತ ಆಲ್ಕೊಹಾಲಿನಲ್ಲಿ ಇರಲಿ.

ಕರೆಂಟ್ ಚೆನ್ನಾಗಿದೆ, ಡಾರ್ಕ್ ಕರೆಂಟ್ ಮಾತ್ರ ತಲೆ ಕೆಡಿಸುತ್ತಿದೆ

ಬೆಳಕಿಲ್ಲದಾಗಲೂ ಹರಿಯುವ ಕರೆಂಟ್ ಜರ್ಮೇನಿಯಂನಲ್ಲಿ ಹುಟ್ಟುಗುಣ. ಸುಮಾರು 10 ಡಿಗ್ರಿ ಬಿಸಿ ಏರಿದರೆ ಅದು ದುಪ್ಪಟ್ಟಾಗುತ್ತದೆ. ಹಾಗಾಗಿ ಹೋಲಿಸುವಾಗ ಎರಡೂ ಅಳತೆ ಒಂದೇ ಉಷ್ಣತೆಯಲ್ಲಿ ಆಗಿದೆಯಾ ನೋಡಿ. ಬೆಳಿಗ್ಗೆ ಎ.ಸಿ. ಇದ್ದಾಗ ಒಂದು, ಮಧ್ಯಾಹ್ನ ಎ.ಸಿ. ಕೆಟ್ಟಾಗ ಇನ್ನೊಂದು ಅಳೆದರೆ ಸೂಜಿಗಳಿಗೆ ಸುಮ್ನೆ ಕೆಟ್ಟ ಹೆಸರು.

ಉಷ್ಣತೆ ಒಂದೇ ಇದ್ದೂ ಜಾಸ್ತಿ ಬಂದರೆ, ಅದು ಇಡೀ ಮೈಯಿಂದ ಬರುತ್ತಿದೆಯೋ ಅಂಚಿನಿಂದಲೋ ಎಂದು ಬೇರ್ಪಡಿಸಬೇಕು. ಒಂದೇ ವೇಫರಿನಲ್ಲಿ 1, 2 ಮತ್ತು 5 ಮಿಲಿಮೀಟರ್ ವ್ಯಾಸದ ಡಯೋಡುಗಳಿರಲಿ. ದುಂಡಗಿನ ಡಯೋಡಿನಲ್ಲಿ ಸುತ್ತಳತೆಯನ್ನು ವಿಸ್ತೀರ್ಣದಿಂದ ಭಾಗಿಸಿದರೆ, 4ನ್ನು ವ್ಯಾಸದಿಂದ ಭಾಗಿಸಿದಷ್ಟು ಬರುತ್ತದೆ. ಅಂದರೆ ಈ ಮೂರಕ್ಕೆ 4, 2 ಮತ್ತು 0.8. ಪ್ರತಿ ಚದರ ಮಿಲಿಮೀಟರಿನ ಡಾರ್ಕ್ ಕರೆಂಟನ್ನು ಈ ಸಂಖ್ಯೆಗಳ ಎದುರು ಗ್ರಾಫಿನಲ್ಲಿ ಗೀಟು ಹಾಕಿ. ಗೀಟು ಮಲಗಿದ್ದರೆ ಕರೆಂಟ್ ಇಡೀ ಮೈಯದ್ದು. ಸಂಖ್ಯೆ ಏರಿದಂತೆ ಗೀಟೂ ಏರಿದರೆ ಅಂಚಿನದ್ದು.

ಅಂಚಿನದ್ದಾದರೆ ಒಂದು ಸೂಕ್ಷ್ಮ ಇದೆ. ಪ್ಯಾಸಿವೇಶನ್ ಚೆನ್ನಾಗಿ ಆದ ಮೇಲೇ ಡಾರ್ಕ್ ಕರೆಂಟ್ ಏರಿತು ಎಂಬ ದೂರು ಬರುತ್ತದೆ. ಕೇಳಲು ವಿಚಿತ್ರ, ಆದರೆ ಕಾರಣ ಇದೆ. ಎನ್-ಟೈಪ್ ವೇಫರಿನ ಮೇಲೆ ಕೂತ ಋಣ ಚಾರ್ಜಿನ ಪದರ ತನ್ನ ಕೆಳಗೆ ತೆಳುವಾದ ಪಿ-ಟೈಪ್ (ಎಲೆಕ್ಟ್ರಾನ್ ಕೊರತೆಯ) ಕಾಲುದಾರಿ ಮಾಡುತ್ತದೆ. ಈ ಗುಣವನ್ನೇ ಜಂಕ್ಷನ್ನಾಗಿ ಬಳಸಿಕೊಂಡು ಆಲ್ಟೊ ತಂಡ 2016ರಲ್ಲಿ ಕಪ್ಪು ಸಿಲಿಕಾನ್ ಡಯೋಡ್ ಮಾಡಿ, 250ರಿಂದ 950 ನ್ಯಾನೊಮೀಟರ್‌ವರೆಗೆ ಶೇ. 96ಕ್ಕಿಂತ ಜಾಸ್ತಿ ಕ್ಷಮತೆ ಪಡೆಯಿತು. ಆದರೆ ಅದೇ ಕಾಲುದಾರಿ ತಡೆಯಿಲ್ಲದೆ ಚಿಪ್ಪಿನ ಕತ್ತರಿಸಿದ ಅಂಚಿನವರೆಗೆ ಹರಿದರೆ, ಅಂಚಿನ ಹಾಳು ಹರಳೆಲ್ಲ ನಿಮ್ಮ ಡಯೋಡಿಗೆ ಸೇರಿಕೊಳ್ಳುತ್ತದೆ. ಸುತ್ತ ಒಂದು ಎನ್-ಪ್ಲಸ್ (ಇನ್ನೂ ಗಟ್ಟಿ ಎನ್-ಟೈಪ್) ಉಂಗುರ ಹಾಕಿ ದಾರಿ ಕಡಿದರೆ ಇದು ನಿಲ್ಲುತ್ತದೆ.

ಇಡೀ ಮೈಯದ್ದಾದರೆ ಉಷ್ಣತೆ ಬದಲಿಸುತ್ತಾ ಅಳೆದು ಆಕ್ಟಿವೇಶನ್ ಶಕ್ತಿ (ಆ ಕರೆಂಟ್ ಹುಟ್ಟಲು ಬೇಕಾದ ಶಕ್ತಿ) ಲೆಕ್ಕ ಹಾಕಿ. 0.66 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಬಂದರೆ ಅದು ವಸ್ತುವಿನ ಸಹಜ ಕರೆಂಟ್, ನೀವು ಮಾಡಬಹುದಾದದ್ದು ಕಡಿಮೆ. 0.33ರ ಹತ್ತಿರ ಬಂದರೆ ದೋಷಗಳಿಂದ ಹುಟ್ಟಿದ್ದು, ಮತ್ತೆ ಮೇಲ್ಮೈ ಮತ್ತು ಹರಳಿನ ಗುಣಮಟ್ಟದ ಕಡೆ ತಿರುಗಿ.

ತಣ್ಣಗೆ ಮಾಡಿದರೆ ಡಾರ್ಕ್ ಕರೆಂಟ್ ಇಳಿಯುತ್ತದೆ ಅಲ್ವಾ ಎಂದು ಪೆಲ್ಟಿಯರ್ ಕೂಲರ್ ಹಾಕಿದವರು, ಈಗ 1550ರಲ್ಲಿ ಕರೆಂಟೇ ಕಡಿಮೆಯಾಯಿತು ಎನ್ನುವುದುಂಟು. ಡಯೋಡ್ ಕೆಟ್ಟಿಲ್ಲ. ಜರ್ಮೇನಿಯಂ ಜೋರಾಗಿ ಬೆಳಕು ಹೀರುವ ಅಂಚು ಸರಿಯಾಗಿ 1550ರ ಹತ್ತಿರವೇ ಇದೆ. ತಣ್ಣಗಾದಂತೆ ಅದು ಚಿಕ್ಕ ತರಂಗಾಂತರದ ಕಡೆ ಸರಿಯುತ್ತದೆ, 1550 ಹೊರಗೆ ಉಳಿಯುತ್ತದೆ. 1310ರಲ್ಲಿ ಅಳೆದು ನೋಡಿ, ಅಲ್ಲಿ ಇಳಿಕೆ ಕಾಣದಿದ್ದರೆ ಕಾರಣ ಇದೇ.

ಸಿಲಿಕಾನ್ ಆಗಿದ್ದರೆ

1064 ನ್ಯಾನೊಮೀಟರಿಗೆ ಕಪ್ಪು ಸಿಲಿಕಾನ್ ಮಾಡುವವರ ದೂರು ಬೇರೆ ಥರದ್ದು. ಅಲ್ಲಿ ಕಳೆದುಹೋಗುವುದು ನಿಜವಾಗಿಯೂ ಬೆಳಕೇ. ಈ ತರಂಗಾಂತರದಲ್ಲಿ ಬೆಳಕು ಪೂರ್ತಿ ಹೀರಲು ಸಿಲಿಕಾನಿಗೆ ಮಿಲಿಮೀಟರುಗಟ್ಟಲೆ ದಪ್ಪ ಬೇಕು. 300 ಮೈಕ್ರಾನಿನ ವೇಫರಿನಲ್ಲಿ ಒಂದು ಸಲ ಹಾದುಹೋಗುವಾಗ ಸುಮಾರು ಕಾಲು ಭಾಗ ಮಾತ್ರ ಹೀರುತ್ತದೆ. ಸೂಜಿಗಳು ತರಂಗಾಂತರಕ್ಕಿಂತ ಬಹಳ ಚಿಕ್ಕದಾಗಿದ್ದರೆ ಅವು ಬೆಳಕನ್ನು ಒಳಗೆ ಬಿಡುತ್ತವೆ, ಆದರೆ ಬಗ್ಗಿಸುವುದಿಲ್ಲ. ಬೆಳಕು ನೇರ ಹಿಂಬದಿಯಿಂದ ಹೊರಗೆ ಹೋಗುತ್ತದೆ. ಡಯೋಡಿನ ಹಿಂದೆ ಒಂದು ಚಿನ್ನದ ಲೇಪನದ ಕನ್ನಡಿ ಇಟ್ಟು ನೋಡಿ. ಕರೆಂಟ್ ಏರಿದರೆ ಬೆಳಕು ಆಚೆ ಸೋರುತ್ತಿತ್ತು ಎಂದು ಖಾತ್ರಿ. ಇಲ್ಲಿ ಬೇಕಾದದ್ದು ತರಂಗಾಂತರದಷ್ಟೇ ಗಾತ್ರದ ಒರಟು ಮೈ, ಅದು ಬೆಳಕನ್ನು ಓರೆಯಾಗಿ ತಳ್ಳಿ ಒಳಗೇ ಓಡಾಡಿಸುತ್ತದೆ. ಭೌತವಿಜ್ಞಾನಿ ಎಲಿ ಯಾಬ್ಲೊನೊವಿಚ್ 1982ರಲ್ಲಿ ತೋರಿಸಿದಂತೆ ಇದರಿಂದ ದಾರಿ ಹೆಚ್ಚೆಂದರೆ ಸೂಚ್ಯಂಕದ ವರ್ಗದ 4 ಪಟ್ಟು, ಸಿಲಿಕಾನಿನಲ್ಲಿ ಸುಮಾರು 50 ಪಟ್ಟು ಉದ್ದವಾಗಬಹುದು.

ಹಾರ್ವರ್ಡಿನ ಎರಿಕ್ ಮಜೂರ್ ಅವರ ತಂಡದ ಹಾಗೆ ಗಂಧಕದ ಅನಿಲದಲ್ಲಿ ಲೇಸರ್ ಹೊಡೆದು ಮಾಡಿದ ಕಪ್ಪು ಸಿಲಿಕಾನ್ 1100 ನ್ಯಾನೊಮೀಟರ್ ದಾಟಿದ ಬೆಳಕನ್ನೂ ಹೀರುತ್ತದೆ. ಹೀರಿದ್ದೆಲ್ಲ ಕರೆಂಟ್ ಆಗುವುದಿಲ್ಲ ಎಂಬುದು ಅಲ್ಲಿ ಇನ್ನೂ ಜೋರಾಗಿ ಅನ್ವಯಿಸುತ್ತದೆ, ಅನೀಲಿಂಗ್ ಮಾಡಿದಂತೆ ಆ ಹೀರುವಿಕೆಯೂ ಇಳಿಯುತ್ತದೆ.

ಮೊದಲು ಚೆನ್ನಾಗಿತ್ತು, ಈಗ ಇಳಿಯುತ್ತಿದೆ

ಮಳೆಗಾಲದಲ್ಲಿ ಈ ದೂರು ಜಾಸ್ತಿ. ಪದರದಲ್ಲಿ ಎಲ್ಲೋ ಸಣ್ಣ ತೂತಿದ್ದು, ತೇವ ಒಳಗೆ ಹೋಗಿ ಜರ್ಮೇನಿಯಂ ಆಕ್ಸೈಡ್ ಬೆಳೆಯುತ್ತಿರುತ್ತದೆ. ಮೂರು ಬೆಳಕಿನ ಪರೀಕ್ಷೆ ಮತ್ತೆ ಮಾಡಿ. ಹಳೆಯ ಅಳತೆಗೆ ಹೋಲಿಸಿದರೆ ಕೆಂಪು ಮೊದಲು ಇಳಿದಿರುತ್ತದೆ, 1550 ಆಮೇಲೆ. ಹಾಗಿದ್ದರೆ ಇದು ತೇವದ ಕೆಲಸವೇ. ಡಯೋಡುಗಳನ್ನು ನೈಟ್ರೊಜನ್ ಹರಿಯುವ ಕಪಾಟಿನಲ್ಲಿ ಇಡಿ, ಕಿಟಕಿ ಇರುವ ಲೋಹದ ಡಬ್ಬಿಯಲ್ಲಿ ಗಾಳಿಯಾಡದಂತೆ ಪ್ಯಾಕ್ ಮಾಡಿ. ವೇಫರ್ ಕತ್ತರಿಸುವಾಗ ಗರಗಸದ ನೀರು ಕಪ್ಪು ಮೈಗೆ ತಾಗದಂತೆ ಮೇಲೆ ರೆಸಿಸ್ಟ್ (ರಕ್ಷಣೆಯ ಪಾಲಿಮರ್ ಲೇಪ) ಹಚ್ಚಿ, ಕತ್ತರಿಸಿದ ಮೇಲೆ ಅದನ್ನು ಅಸಿಟೋನಿನಲ್ಲಿ ನೆನೆಸಿ ಪೂರ್ತಿ ತೆಗೆಯಿರಿ. ಸೂಜಿಗಳ ಸಂದಿಯಲ್ಲಿ ರೆಸಿಸ್ಟ್ ಉಳಿದರೂ ಮೈ ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಕಣ್ಣಿನ ಅಂದಾಜಿಗೆ ನಿಲ್ಲಬೇಡಿ. ಕತ್ತರಿಸುವ ಮೊದಲು ಮತ್ತು ಆಮೇಲೆ ಒಂದೇ ಡಯೋಡಿನ ಕರೆಂಟ್ ಅಳೆದು ಪಕ್ಕಪಕ್ಕ ಬರೆದಿಡಿ.